ಸಪ್ಲಾಯರ್ ಕಿಟ್ಟನ ಹತ್ತು ಕಿಲೋಮೀಟರು

“ಬೊಂಬಾಯಿಂದ ಬೈಂದೂರ್ ವರಿಗೆ ಈ ಕಿಟ್ಟನ್ನ ಹಿಂದೆ ಹಾಕಿದ್ ಮನ್ಷ ಇನ್ನೂ ಹುಟ್ಲಿಲ್ಲೆ. ಹುಟ್ಟಿದ್ರೂ ಅವ್ನ್ ಈಗ ತೊಟ್ಲಂಗೆ ಮಲ್ಗಿರ್ಕ್!”

ಬಿಜೂರಿನ ಹೆದ್ದಾರಿ ಬದಿಯ ತನ್ನ ಕ್ಯಾಂಟೀನಿನಲ್ಲಿ ಚಹಾವನ್ನು ಒಂದು ಮಾರು ಎತ್ತಿ ಹೊಯ್ಯುತ್ತ ಕಿಟ್ಟ ಈ ಮಾತು ಹೇಳಿದಾಗ ಬೆಂಚಿನ ಮೇಲೆ ನಾಲ್ಕು ಮಂದಿ ಇದ್ದರು. ಮೂವರು ನಂಬಿದರು. ನಾಲ್ಕನೆಯವರು ಶೇಖರ ಶೆಟ್ಟರು. ಅವರು ಕಿಟ್ಟನಿಗೆ ಮೂವತ್ತು ವರ್ಷ ಸಂಬಳ ಕೊಟ್ಟವರಾದ್ದರಿಂದ ನಂಬಲಿಲ್ಲ.

ಹಾಗಂತ ಮಾತು ಪೂರಾ ಸುಳ್ಳೂ ಅಲ್ಲ. ಕಿಟ್ಟ ಮೀಸೆ ಮೂಡುವ ಮೊದಲೇ ಬೊಂಬಾಯಿ ಬಸ್ಸು ಹತ್ತಿ, ಶೆಟ್ಟರ ಹೋಟೆಲಿನಲ್ಲಿ ಮೇಜು ಒರೆಸಿ, ಲೋಟ ತೊಳೆದು, ಕಡೆಗೆ ಸಪ್ಲಾಯರ್ ಆದವನು. ಆ ಕಾಲದ ಸಪ್ಲಾಯರ್ ಎಂದರೆ ಸಾಮಾನ್ಯವಲ್ಲ. ಒಂದು ಕೈಯ ಬೆರಳುಗಳ ಸಂದಿಯಲ್ಲಿ ಎಂಟು ಲೋಟ, ಇನ್ನೊಂದು ಅಂಗೈ ಮೇಲೆ ಹೆಗಲಿನ ಮಟ್ಟಕ್ಕೆ ಎತ್ತಿದ ತಟ್ಟೆ, ತಲೆಯೊಳಗೆ ಹದಿನಾರು ಮೇಜಿನ ಆರ್ಡರು. ೧೯೯೭ರಲ್ಲಿ ಎದುರಿನ ಏಳು ಮಾಳಿಗೆಯ ಆಫೀಸು ಕಟ್ಟಡದ ಲಿಫ್ಟು ಕೆಟ್ಟು ಹನ್ನೊಂದು ತಿಂಗಳು ನಿಂತುಬಿಟ್ಟಿತು. ಅಷ್ಟೂ ದಿನ ಕಿಟ್ಟ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಏಳೂ ಮಾಳಿಗೆಗೆ ಚಹಾ ಹೊತ್ತು ಓಡಿದ. ಅವನು ಹತ್ತಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನ ತನಕ ಹೋಗಿ, ಅಲ್ಲಿಗೂ ಒಂದು ಸ್ಪೆಷಲ್ ಚಹಾ ಕೊಟ್ಟು, ಖಾಲಿ ಲೋಟ ವಾಪಸ್ಸು ತರಬಹುದಿತ್ತು. ಏಳನೇ ಮಾಳಿಗೆಯ ಮ್ಯಾನೇಜರು ನಾಲಿಗೆ ಸುಟ್ಟುಕೊಂಡು, ಚಹಾ ಇಷ್ಟು ಬೇಗ ಬರಬಾರದು ಎಂದು ಬರವಣಿಗೆಯಲ್ಲಿ ದೂರು ಕೊಟ್ಟದ್ದೂ ಉಂಟಂತೆ. ಲಿಫ್ಟು ಸರಿಯಾದ ಮೇಲೂ ಆ ಕಟ್ಟಡದವರು ಚಹಾವನ್ನು ಅದರಲ್ಲಿ ತರಿಸಲಿಲ್ಲ, ತಣ್ಣಗಾಗುತ್ತದೆಂದು.

೨೦೦೭ರಲ್ಲಿ ಶೆಟ್ಟರು ಹೋಟೆಲನ್ನು ಮಗನಿಗೆ ಬಿಟ್ಟು ಊರಿನ ಗದ್ದೆ ತೋಟ ನೋಡಿಕೊಳ್ಳಲು ಬಂದರು. ಅವರ ಹಿಂದೆಯೇ ಕಿಟ್ಟನೂ ಬಂದು, ಹೆಂಡತಿ ಗಿರಿಜಾಳ ಜೊತೆ ಈ ಕ್ಯಾಂಟೀನು ಇಟ್ಟ.

ಇನ್ನು ಆ ದಿನ ಓಟದ ಮಾತು ಯಾಕೆ ಬಂತು ಎಂದರೆ, ಅದಕ್ಕೆ ಕಿಟ್ಟನ ತಂಗಿ ವನಜಳ ಸೊಂಟ ಕಾರಣ.

ವನಜಳ ಮಗಳು ಅನಿಷಾಳಿಗೆ ಹತ್ತು ವರ್ಷ. ಹುಟ್ಟಿದಾಗಿನಿಂದ ಕಾಲಿನಲ್ಲಿ ಬಲವಿಲ್ಲ. ಆ ಬಲವನ್ನೂ ಸೇರಿಸಿ ದೇವರು ಬಾಯಿಗೆ ಕೊಟ್ಟಿದ್ದ. ಅವಳಂಥ ಮಕ್ಕಳಿಗಾಗಿ ತ್ರಾಸಿಯಲ್ಲಿ ಒಂದು ಹಗಲುಶಾಲೆ ಇತ್ತು. ಶಾಲೆಗೆ ಇದ್ದದ್ದು ಒಂದೇ ವ್ಯಾನು. ಅದು ಕುಂದಾಪುರದ ಕಡೆಯ ಮಕ್ಕಳನ್ನು ತುಂಬಿಸಿಕೊಂಡು ಬರುವಷ್ಟರಲ್ಲೇ ಏದುಸಿರು ಬಿಡುತ್ತಿತ್ತು, ಬಿಜೂರಿನ ಕಡೆಗೆ ಬರುವ ಮಾತೇ ಇಲ್ಲ. ವನಜಳ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುವವನು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಹೀಗಾಗಿ ದಿನಾ ಬೆಳಿಗ್ಗೆ ವನಜ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಗದ್ದೆ ಬದುವಿನ ಮೇಲೆ ಹೆದ್ದಾರಿಗೆ ಬಂದು ಬಸ್ಸು ಹಿಡಿಯಬೇಕು. ಮಗಳು ವರ್ಷ ವರ್ಷವೂ ಬೆಳೆಯುತ್ತಿದ್ದಳು, ಸೊಂಟ ಮಾತ್ರ ಹಳೆಯದೇ.

“ಅಣ್ಣ, ಇನ್ನ್ ಆತಿಲ್ಲೆ,” ಎಂದು ೨೦೧೦ರ ನವೆಂಬರಿನಲ್ಲಿ ಅವಳು ಕ್ಯಾಂಟೀನಿನ ಕಟ್ಟೆ ಮೇಲೆ ಕೂತುಬಿಟ್ಟಳು. “ಬಪ್ಪ ಜೂನಿಂದ ಇವ್ಳನ್ನ ಶಾಲಿಗ್ ಕಳ್ಸುದಿಲ್ಲೆ. ನನ್ ಸೊಂಟ ನನ್ ಮಾತ್ ಕೇಂತಿಲ್ಲೆ.”

“ನಾ ಊಟ ಕಮ್ಮಿ ಮಾಡ್ತೆ ಅಮ್ಮ. ಭಾರ ಕಮ್ಮಿ ಆತ್ತ್,” ಎಂದಳು ಅನಿಷಾ, ಕೈಯಲ್ಲಿ ಮಾವ ಕೊಟ್ಟ ಬನ್ಸು ಹಿಡಿದುಕೊಂಡೇ.

ಕಿಟ್ಟ ಅಂದು ಗಿರಾಕಿಗಳಿಗೆ ಸಕ್ಕರೆ ಹಾಕದೆ ಚಹಾ ಕೊಟ್ಟ. ಅವನ ಮುಖ ನೋಡಿ ಎಲ್ಲರೂ ಅದನ್ನೇ ಕುಡಿದರು.

ಎರಡು ದಿನ ಕಳೆದು ಹಗಲುಶಾಲೆಯ ಶ್ರೀಲತಾ ಟೀಚರ್ ನೋಟೀಸು ಹಿಡಿದು ಬಂದರು. ಶಾಲೆಗೆ ಎರಡನೇ ವ್ಯಾನು ತರಲು ಒಂದು ಓಟ ಏರ್ಪಡಿಸಿದ್ದೇವೆ, ಫೆಬ್ರವರಿಯ ಎರಡನೇ ಭಾನುವಾರ, ತ್ರಾಸಿಯಿಂದ ಮರವಂತೆ ದಾಟಿ ನಾವುಂದಕ್ಕೆ ಹೋಗಿ ವಾಪಸ್ಸು, ಒಟ್ಟು ಹತ್ತು ಕಿಲೋಮೀಟರು. ಓಡುವವರ ಪ್ರವೇಶ ಹಣ, ಊರವರ ದೇಣಿಗೆ ಎಲ್ಲ ಕೂಡಿದರೆ ಅರ್ಧ ವ್ಯಾನು ಬರುತ್ತದೆ.

“ಉಳ್ದ್ ಅರ್ಧ ಶೆಟ್ಟರು ಮನಸ್ಸು ಮಾಡಿದ್ರೆ…” ಎಂದು ಟೀಚರು ಬೆಂಚಿನ ಕಡೆ ನೋಡಿದರು.

ಆಗಲೇ ಕಿಟ್ಟ ಆ ಮೊದಲಿನ ಮಾತು ಆಡಿದ್ದು. ಟೀಚರಿಗೆ ಧೈರ್ಯ ಬರಲಿ ಎಂದೇ ಆಡಿದ್ದು. ಆದರೆ ಬಾಯಿಂದ ಬಿದ್ದ ಮಾತು ನೇರ ಶೆಟ್ಟರ ಚಹಾ ಲೋಟದೊಳಗೆ ಬಿತ್ತು.

ಶೆಟ್ಟರು ಕೆಟ್ಟ ಮನುಷ್ಯರಲ್ಲ. ಆದರೆ ಸುಮ್ಮನೆ ಕೈಯೆತ್ತಿ ಕೊಟ್ಟರೆ ಅವರಿಗೆ ರಾತ್ರಿ ಅನ್ನ ಕರಗುವುದಿಲ್ಲ. ಕೊಡುವುದಕ್ಕೆ ಒಂದು ಷರತ್ತು ಬೇಕು, ಒಂದು ಪಂದ್ಯ ಬೇಕು.

“ಹ್ವಾಯ್ ಕಿಟ್ಟ, ಬಾಯಂಗೆ ಓಡುದ್ ಸಾಕ್. ಕಾಲಂಗೆ ಓಡ್ ಕಾಂಬ,” ಎಂದರು ಶೆಟ್ಟರು. “ಹತ್ತ್ ಕಿಲೋಮೀಟರ್, ಒಂದೂಕಾಲ್ ಗಂಟೆ. ಓಡಿ ಮುಗ್ಸ್ದ್ಯಾ, ಅರ್ಧ ವ್ಯಾನ್ ನಂದ್. ಒಂದ್ ನಿಮ್ಷ ತಡ ಆಯ್ತಾ, ಎರಡ್ ಪೆಟ್ಗಿ ಬಿಸ್ಕಿಟ್ ಕೊಡ್ತೆ, ಮಕ್ಳಿಗೆ.”

“ಶೆಟ್ರೆ, ನಂಗ್ ನಲ್ವತ್ತೊಂಬತ್ ವರ್ಷ ಮರ್ರೆ!”

“ನಂಗ್ ಅರ್ವತ್ತೆರಡ್. ನೂರಾ ನಾಲ್ಕ್ ಕೆಜಿ. ಡಾಕ್ಟ್ರ್ ನಡಿನಿ ಅಂದಿದ್ರ್. ನಾನೂ ಹೆಸ್ರ್ ಕೊಡ್ತೆ, ಬರ್ಕಣಿ ಟೀಚರೆ.”

ಹೀಗೆ ಒಂದು ಲೋಟ ಚಹಾ ಆರುವುದರೊಳಗೆ ಅನಿಷಾಳ ಶಾಲೆ ಕಿಟ್ಟನ ಎರಡು ಕಾಲಿನ ಮೇಲೆ ಬಂದು ಕೂತಿತು.

ಮಾರನೇ ದಿನ ಬೆಳಗಾಗುವ ಹೊತ್ತಿಗೆ ಅಭ್ಯಾಸ ಶುರು. ಕಿಟ್ಟ ಟಿವಿಯಲ್ಲಿ ನೋಡಿದಂತೆ ಎರಡೂ ಕೈ ಬೀಸಿಕೊಂಡು ಓಡಿದ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಡಗೈ ಎಡಕ್ಕೆ, ಬಲಗೈ ಬಲಕ್ಕೆ, ಕಿಟ್ಟ ರಸ್ತೆ ಬದಿಯ ನೀರಿನ ತೋಡಿಗೆ. ಎದ್ದು ಮತ್ತೆ ಓಡಿದ, ಮತ್ತೆ ತೋಡು. ಮೂವತ್ತು ವರ್ಷ ಓಡಿದ್ದೆಲ್ಲ ಕೈಯಲ್ಲಿ ಸಾಮಾನು ಹಿಡಿದೇ. ಬರಿಗೈಯಲ್ಲಿ ಓಡುವುದು ಆ ದೇಹಕ್ಕೆ ಗೊತ್ತೇ ಇಲ್ಲ.

ಗಿರಿಜಾ ತೋಡಿನ ದಂಡೆಯಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಒಳಗೆ ಹೋಗಿ ಒಂದು ಸ್ಟೀಲಿನ ತಟ್ಟೆಯ ಮೇಲೆ ಆರು ಲೋಟ ನೀರು ಇಟ್ಟು ತಂದಳು.

“ಇದನ್ನ ಹಿಡ್ಕಂಡ್ ಓಡಿ ಕಾಂಬ.”

ಕಿಟ್ಟ ತಟ್ಟೆಯನ್ನು ಹೆಗಲಿಗೆ ಎತ್ತಿದ್ದೇ ತಡ, ಬಾಣ. ಉಪ್ಪುಂದದ ಕಡೆಯ ತಿರುವು ಮುಟ್ಟಿ ವಾಪಸ್ಸು ಬಂದಾಗ ಆರೂ ಲೋಟದಲ್ಲಿ ನೀರು ಇಟ್ಟ ಹಾಗೇ ಇತ್ತು. ಒಂದರಲ್ಲಿ ಸ್ವಲ್ಪ ಜಾಸ್ತಿಯೇ ಇತ್ತು ಎಂದು ಗಿರಿಜಾ ಇವತ್ತಿಗೂ ಹೇಳುತ್ತಾಳೆ. ಅದು ಕಿಟ್ಟನ ಬೆವರು.

ಆದರೆ ತಟ್ಟೆ ಹಿಡಿದು ಓಡುವವನಿಗೆ ಹೆದ್ದಾರಿಯಲ್ಲಿ ಉಳಿಗಾಲವಿಲ್ಲ. ಗೂಡ್ಸ್ ಗಾಡಿಯ ಡ್ರೈವರುಗಳು ಕಿಟಕಿಯಿಂದ ಕೈ ಹಾಕಿ ಒಂದೊಂದೇ ಲೋಟ ಎತ್ತಿಕೊಂಡರು. ಒಬ್ಬನಂತೂ ಕುಡಿದು, “ಶುಂಠಿ ಹಾಕ್ಲಿಲ್ಯಾ?” ಎಂದು ಕೇಳಿ ಹೋದ. ಆಮೇಲೆ ಶ್ರೀಲತಾ ಟೀಚರು, ಓಟದಲ್ಲಿ ತಟ್ಟೆಗಿಟ್ಟೆಗೆ ಅವಕಾಶವಿಲ್ಲ ಎಂದರು. ಕಿಟ್ಟ ತಟ್ಟೆ ಬಿಟ್ಟ, ಕೈ ಬಿಡಲಿಲ್ಲ. ಖಾಲಿ ಅಂಗೈಯನ್ನು ಹೆಗಲಿನ ಪಕ್ಕ ಆಕಾಶಕ್ಕೆ ತೆರೆದು, ಅದರ ಮೇಲೆ ಕಾಣದ ಆರು ಲೋಟ ಇಟ್ಟುಕೊಂಡು ಓಡತೊಡಗಿದ.

ಇದರಿಂದ ಬೇರೆ ತರದ ಉಪದ್ರ. ಕೈ ಎತ್ತಿ ರಸ್ತೆ ಬದಿಯಲ್ಲಿ ಓಡಿ ಬರುವ ಮನುಷ್ಯನನ್ನು ಕಂಡ ಕೂಡಲೇ ಬೈಂದೂರು–ಕುಂದಾಪುರ ಬಸ್ಸುಗಳು ಬ್ರೇಕು ಹಾಕಿದವು.

“ಬೇಗ ಹತ್ತಿ, ಬೇಗ ಹತ್ತಿ! ಎಲ್ಲಿಗೆ?” ಎಂದು ಕಂಡಕ್ಟರು.

“ಎಲ್ಲಿಗೂ ಇಲ್ಲ ಮಾರಾಯ, ಓಡುದ್!”

“ಅದೇ, ಓಡ್ತಾ ಎಲ್ಲಿಗ್ ಹೋಪುದ್?”

“ವಾಪಸ್ ಬಪ್ಪುದ್!”

ಕಂಡಕ್ಟರು ಇವನ ತಲೆಯನ್ನು ನೋಡಿ, ಆಕಾಶಕ್ಕೆ ತೆರೆದ ಕೈಯನ್ನು ನೋಡಿ, ಪಾಪ ಎಂದುಕೊಂಡು ಎರಡು ಸೀಟಿ ಊದಿದ. ವಾರದೊಳಗೆ ಆ ದಾರಿಯ ಬಸ್ಸುಗಳೆಲ್ಲ ಕಿಟ್ಟನ ದೆಸೆಯಿಂದ ಹತ್ತತ್ತು ನಿಮಿಷ ತಡವಾಗಿ, ಕುಂದಾಪುರದ ಕೋರ್ಟು ಕಚೇರಿಗಳೆಲ್ಲ ಹನ್ನೊಂದಕ್ಕೆ ಬಾಗಿಲು ತೆರೆದವು ಎಂಬ ಸುದ್ದಿಯಿತ್ತು. ಅವು ಮೊದಲೂ ಹನ್ನೊಂದಕ್ಕೇ ತೆರೆಯುತ್ತಿದ್ದವು ಎಂದು ಹೇಳುವವರೂ ಇದ್ದರು. ನಾಯಿಗಳ ವಿಷಯ ಬೇರೆ. ನಾವುಂದದ ನಾಯಿಗಳು ಮೊದಲ ವಾರ ಬೆನ್ನಟ್ಟಿದವು, ಎರಡನೇ ವಾರ ಜೊತೆಗೆ ಓಡಿದವು, ಮೂರನೇ ವಾರ ಇವನನ್ನು ಕಂಡರೆ ಸುಸ್ತಾಗಿ ಅಂಗಡಿ ಬೆಂಚಿನಡಿ ನುಗ್ಗಿದವು.

ಹೊತ್ತು ಅಳೆಯುವ ಕೆಲಸ ಅನಿಷಾಳದ್ದು. ಕ್ಯಾಂಟೀನಿನ ಗಡಿಯಾರ ಗಿರಾಕಿಗಳನ್ನು ಏಳಿಸಲೆಂದು ಹತ್ತು ನಿಮಿಷ ಮುಂದಿಟ್ಟದ್ದು, ಅದರ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಅವಳು ಮಾವ ಹೊರಟ ಕೂಡಲೇ ಮಗ್ಗಿ ಶುರು ಮಾಡುತ್ತಿದ್ದಳು, ಒಂದೊಂದನ್ನೂ ನಾಲ್ಕು ಸಲ, ರಾಗವಾಗಿ. ಮೊದಲ ದಿನ ಕಿಟ್ಟ ವಾಪಸ್ಸು ಬರುವಷ್ಟರಲ್ಲಿ ಇಪ್ಪತ್ತರ ಮಗ್ಗಿ ಮುಗಿದು, ಅವಳಿಗೆ ಬರುವ ಪದ್ಯಗಳೂ ಮುಗಿದು, ಕಥೆಗೆ ಇಳಿದಿದ್ದಳು. ಸಂಕ್ರಾಂತಿಗೆ ಹದಿನೈದಕ್ಕೆ ಬಂತು. ಫೆಬ್ರವರಿ ಮೊದಲ ವಾರ, ಟೀಚರು ನೋಡಲು ಬಂದ ದಿನ, ಕಿಟ್ಟ ಹತ್ತು ಕಿಲೋಮೀಟರು ಮುಗಿಸಿ ಬಂದು ಕಟ್ಟೆಗೆ ಕೈ ಇಟ್ಟಾಗ ಅವಳು ಹದಿಮೂರರ ಮಗ್ಗಿಯ ನಡುವಿನಲ್ಲಿದ್ದಳು.

“ಮಾವ, ಒಂದ್ ಗಂಟೆ ಹನ್ನೆರಡ್ ನಿಮ್ಷ! ಟೀಚರ್ ವಾಚಂಗೂ ಕಂಡೆ!”

ವನಜ ಅಣ್ಣನಿಗೆ ಒಂದು ಲೋಟ ಎಳನೀರು ತಂದಿಟ್ಟು, ಸೆರಗಿನಿಂದ ಅವನ ಬೆನ್ನಿಗೆ ಗಾಳಿ ಹಾಕಿದಳು.

ಓಟದ ದಿನ ತ್ರಾಸಿಯ ಕಡಲ ತೀರದಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಮಣಿಪಾಲದಿಂದ ಬಂದ ತೆಳ್ಳನೆಯ ಓಟಗಾರರು, ಕಾಲೇಜಿನ ಮಕ್ಕಳು, ಬ್ಯಾಂಕಿನವರು, ಬ್ರಹ್ಮಾವರದ ಒಬ್ಬರು ರಿಟೈರಾದ ಮೇಷ್ಟ್ರು. ಇವರ ನಡುವೆ ಶೇಖರ ಶೆಟ್ಟರು ಹೊಸ ನೀಲಿ ಟ್ರ್ಯಾಕ್‌ಸೂಟಿನಲ್ಲಿ, ಬಣ್ಣ ಬಳಿದು ಕಡಲಿಗೆ ದೂಡಲು ತಯಾರಾದ ಬೋಟಿನ ಹಾಗೆ ನಿಂತಿದ್ದರು. ಓಟ ಮುಗಿಸಿದ ಫೋಟೋ ಕಳಿಸುತ್ತೇನೆಂದು ಬೊಂಬಾಯಿಯ ಸಂಘದವರಿಗೆಲ್ಲ ಫೋನು ಮಾಡಿ ಆಗಿತ್ತು. ಅವರ ಹೆಂಡತಿ ಪುಷ್ಪಕ್ಕ ಒಂದು ಚೀಲದಲ್ಲಿ ಮೂರು ಟವೆಲು, ಒಂದು ನೋವಿನ ಎಣ್ಣೆ ಹಿಡಿದು ಬಂದಿದ್ದರು.

ಏಳೂವರೆಗೆ ಸೀಟಿ ಊದಿದರು. ಕಿಟ್ಟ ಅಂಗೈ ಎತ್ತಿ ಹೊರಟ. ಎಲ್ಲರ ಹಿಂದೆ, ಸುಸ್ತಾದವರನ್ನು ಹತ್ತಿಸಿಕೊಳ್ಳಲು ಪೊಲೀಸರ ಜೀಪು ಹೊರಟಿತು.

ಅವನು ಓಡಿದ ಚಂದವನ್ನು ಹೇಳಬೇಕು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಕಿಟ್ಟ. ಮುಖದಲ್ಲಿ ಊಟದ ಹೊತ್ತಿನ ಗಾಂಭೀರ್ಯ. ಮುಂದೆ ಯಾರಾದರೂ ಸಿಕ್ಕಿದರೆ ಕುರ್ಚಿಗಳ ಸಂದಿಯಲ್ಲಿ ಜಾರುವಂತೆ ಸೊಂಟ ತಿರುಗಿಸಿ, “ಸೈಡ್, ಸೈಡ್, ಬಿಸಿ ಉಂಟ್!” ಎನ್ನುತ್ತ ದಾಟಿದ. ಜನ ಹೆದರಿ ಬದಿಗೆ ಸರಿದರು. ಬಿಸಿ ಏನು ಎಂದು ಹೊಳೆಯುವಷ್ಟರಲ್ಲಿ ಅವನು ಹತ್ತು ಮಾರು ಮುಂದಿರುತ್ತಿದ್ದ. ನಾವುಂದದಲ್ಲಿ ಇಟ್ಟಿದ್ದ ಡ್ರಮ್ಮಿಗೆ ಸುತ್ತು ಹಾಕಿ ತಿರುಗಿದಾಗ ಮೂವತ್ತೈದು ನಿಮಿಷ. ಮರವಂತೆಗೆ ವಾಪಸ್ಸು ಬಂದಾಗ ಐವತ್ತು. ಉಳಿದದ್ದು ಮೂರು ಕಿಲೋಮೀಟರು, ಕೈಯಲ್ಲಿ ಇಪ್ಪತ್ತೈದು ನಿಮಿಷ. ನಡೆದರೆ ಸಾಲುವುದಿಲ್ಲ ನಿಜ, ಆದರೆ ಈ ವೇಗಕ್ಕೆ ನಾಲ್ಕು ನಿಮಿಷ ಉಳಿಯುತ್ತದೆ. ಕಿಟ್ಟನ ಕಣ್ಣಿಗೆ ವ್ಯಾನು ಕಂಡಿತು, ಅದರ ಕಿಟಕಿಯಲ್ಲಿ ಅನಿಷಾ ಕಂಡಳು. ವ್ಯಾನಿನ ಬಣ್ಣ ಹಳದಿ ಎಂದೂ ಅವನು ಆಗಲೇ ತೀರ್ಮಾನಿಸಿಬಿಟ್ಟ.

ಆಮೇಲೆ ನೀರಿನ ಮೇಜು ಕಂಡಿತು.

ವಾಪಸ್ಸು ಬರುವವರಿಗೆ ನೀರು ಕೊಡಲೆಂದು ರಸ್ತೆ ಬದಿಯಲ್ಲಿ ಒಂದು ಮೇಜು, ಒಂದು ಡ್ರಮ್ಮು, ನಾಲ್ಕು ಕಾಲೇಜು ಹುಡುಗಿಯರನ್ನು ಇಟ್ಟಿದ್ದರು. ಕಾಗದದ ಲೋಟಗಳನ್ನು ಕಡಲ ಗಾಳಿ ಮೊದಲೇ ಎತ್ತಿಕೊಂಡು ಹೋಗಿತ್ತು. ಉಳಿದದ್ದು ಶಾಲೆಯಿಂದ ತಂದ ಸ್ಟೀಲಿನ ಲೋಟಗಳು. ಒಬ್ಬಳು ಒಂದು ಲೋಟ ತುಂಬುತ್ತಾಳೆ, ಇನ್ನೊಬ್ಬಳು ಅದನ್ನು ಎರಡೂ ಕೈಯಲ್ಲಿ ಹಿಡಿದು ದೇವರ ತೀರ್ಥದಂತೆ ತಂದು ಕೊಡುತ್ತಾಳೆ, ಕುಡಿದವನು ಮುಗಿಸುವ ತನಕ ನಿಂತು ಕಾಯುತ್ತಾಳೆ, ಲೋಟ ತೊಳೆಯಲು ಹೋಗುತ್ತಾಳೆ. ಮೂವತ್ತು ನಲವತ್ತು ಜನ ಬಾಯಿ ತೆರೆದು ಮುತ್ತಿದ್ದರು. ಬಿಸಿಲು ಆಗಲೇ ನೆತ್ತಿ ಹುಡುಕುತ್ತಿತ್ತು. ಬ್ರಹ್ಮಾವರದ ಮೇಷ್ಟ್ರು ರಸ್ತೆ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, “ನೀರು… ಒಂದು ಗುಟುಕು…” ಎನ್ನುತ್ತಿದ್ದರು.

ಕಿಟ್ಟನ ಕಾಲು ಮುಂದೆ ಹೋಯಿತು. ಕೈ ಹಿಂದೆ ಉಳಿಯಿತು. ಕಾಲು ಕೈಗಳಿಗೆ ಜಗಳವಾದಾಗ ಸಪ್ಲಾಯರನ ದೇಹದಲ್ಲಿ ಗೆಲ್ಲುವುದು ಕೈಯೇ.

“ಎರಡೇ ಎರಡ್ ನಿಮ್ಷ,” ಎಂದು ತನಗೆ ತಾನೇ ಹೇಳಿಕೊಂಡು ಮೇಜಿನ ಹಿಂದೆ ಹೊಕ್ಕ.

“ಹೆಣ್ಣೆ, ನೀ ಬರೀ ತುಂಬ್ಸ್. ನೀ ತೊಳಿ. ನೀವಿಬ್ರ್ ಖಾಲಿ ಲೋಟ ಒಟ್ಮಾಡಿ. ಸಾಲ್ ಹಿಡಿನಿ ಮರ್ರೆ, ಎಡಗಡೆಂದ ಬನಿ! ಮೇಷ್ಟ್ರಿಗ್ ಒಂದ್! ನೀಲಿ ಅಂಗಿಗ್ ಎರಡ್! ಬ್ಯಾಂಕ್‌ನೋರಿಗ್ ನಾಲ್ಕ್!”

ಬೆರಳ ಸಂದಿಗೆ ಎಂಟು ಲೋಟ ಏರಿದವು. ಕಿಟ್ಟ ತಿರುಗಿದ ಕಡೆಯೆಲ್ಲ ನೀರು. ಜನ ಕೈ ಚಾಚುವ ಮೊದಲೇ ಲೋಟ ಕೈಯಲ್ಲಿ, ಕುಡಿದು ಮುಗಿಸುವ ಮೊದಲೇ ಖಾಲಿ ಲೋಟ ಮಾಯ. ಮೂವತ್ತು ಜನ ತಣಿದು ಹೋದರು, ಇನ್ನೂ ಮೂವತ್ತು ಜನ ಬಂದರು. ಹುಡುಗಿಯರು ಬೆರಗಾಗಿ ಅವನು ಹೇಳಿದಂತೆ ಓಡಾಡಿದರು. ಡ್ರಮ್ಮಿನ ನೀರು ತಳ ಕಂಡಾಗ ಎದುರಿನ ಮನೆಯ ಬಾವಿಯಿಂದ ಸೇದಿಸಿದ, ಅದೇ ಮನೆಯಿಂದ ಉಪ್ಪು, ಬೆಲ್ಲ, ನಾಲ್ಕು ನಿಂಬೆಹಣ್ಣು ತರಿಸಿದ. ಆ ಹೊತ್ತು ಅವನ ಮುಖದಲ್ಲಿದ್ದ ಸುಖ ಕಂಡವರು, ಇವನಿಗೆ ಓಟದ ಬಹುಮಾನ ಇಲ್ಲೇ ಸಿಕ್ಕಿತು ಎಂದುಕೊಂಡಿರಬೇಕು.

“ಅಂಕಲ್,” ಎಂದಳು ತೊಳೆಯುವ ಹುಡುಗಿ, “ನೀವ್ ಓಡುಕ್ ಬಂದೋರಲ್ದಾ? ನಿಮ್ ಎದಿ ಮೇಲೆ ನಂಬರ್ ಇತ್ತಲ್ಲ?”

ಕಿಟ್ಟ ಎದೆ ನೋಡಿಕೊಂಡ. ನಂಬರ್ ಎಪ್ಪತ್ತೊಂದು. ಅವಳ ಕೈಗಡಿಯಾರ ನೋಡಿದ. ಓಟ ಶುರುವಾಗಿ ಒಂದು ಗಂಟೆ ಎಂಟು ನಿಮಿಷ.

ಉಳಿದ ಏಳು ನಿಮಿಷದಲ್ಲಿ ಮೂರು ಕಿಲೋಮೀಟರು ಓಡಲು ಮಂಗಳೂರು ರೈಲಿಗೂ ಮನಸ್ಸು ಮಾಡಬೇಕಾಗುತ್ತದೆ. ಕೈಯಲ್ಲಿದ್ದ ಎಂಟು ಲೋಟ ಮೊದಲ ಸಲ ಭಾರ ಅನಿಸಿದವು. ತ್ರಾಸಿಯಲ್ಲಿ ಗೆರೆಯ ಹತ್ತಿರ ವನಜ ನಿಂತಿದ್ದಾಳೆ, ಅವಳ ಸೊಂಟದ ಮೇಲೆ ಅನಿಷಾ ಕೂತು ಮಗ್ಗಿ ಹೇಳುತ್ತಿದ್ದಾಳೆ. ಹನ್ನೆರಡು ಮುಗಿಯುತ್ತ ಬಂದಿರಬಹುದು. ಅಷ್ಟು ಜನರಿಗೆ ನೀರು ಕೊಟ್ಟವನು ತಾನು ಒಂದು ಗುಟುಕು ಕುಡಿದಿರಲಿಲ್ಲ.

ಅಷ್ಟರಲ್ಲಿ ನಾವುಂದದ ಕಡೆಯಿಂದ ಒಂದು ನೀಲಿ ಬೋಟು ಓಲಾಡುತ್ತ ಬಂತು. ಶೆಟ್ಟರು. ಮುಖ ಬೀಟ್ರೂಟಿನ ಬಣ್ಣಕ್ಕೆ ತಿರುಗಿತ್ತು. ತಡೆಗಲ್ಲಿನ ಮೇಲೆ ದೊಪ್ಪನೆ ಕೂತರು. ಕಲ್ಲು ಎರಡು ಬೆರಳು ನೆಲಕ್ಕಿಳಿಯಿತು.

“ನಂಗಾತಿಲ್ಲೆ… ಜೀಪ್ ಕರಿನಿ…” ಎಂದರು. ಆಮೇಲೆ ಕಣ್ಣು ಕಿರಿದು ಮಾಡಿ, “ಕಿಟ್ಟ? ನೀ ಎಂತಾ ಇಲ್ಲಿ? ನಿನ್ನ್ ಟೈಮ್?”

“ಹೋಯ್ತ್, ಶೆಟ್ರೆ.”

“ಎಲ್ಲಿಗ್ ಹೋಯ್ತ್?”

ಒಂದು ಕ್ಷಣ, ಜೀಪು ಬರಲಿ, ಇವರೂ ಸೋಲಲಿ, ಬೊಂಬಾಯಿಗೆ ಫೋಟೋ ಹೋಗದಿರಲಿ ಎಂದು ಕಿಟ್ಟನ ಮನಸ್ಸು ಹೇಳಿತು. ಕೈ ಅಷ್ಟರಲ್ಲೇ ನಿಂಬೆ ಹಿಂಡಿ, ಉಪ್ಪು ಬೆಲ್ಲ ಕಲಸಿ, ಲೋಟವನ್ನು ಶೆಟ್ಟರ ಮುಂದೆ ಹಿಡಿದಾಗಿತ್ತು.

“ಗುಟುಕ್ ಗುಟುಕ್ ಕುಡಿನಿ. ಗಟಗಟ ಅಂಬುಕಿಲ್ಲೆ. ಟವೆಲ್ ಒದ್ದಿ ಮಾಡ್ತೆ, ತಲಿಗ್ ಹಾಕಣಿ. ಇನ್ನ್ ಮೂರೇ ಕಿಲೋಮೀಟರ್. ನಡ್ಕಂಡೇ ಹೋಯ್ನಿ, ಯಾರೂ ಓಡಿ ಅಂತಿಲ್ಲೆ.”

ಶೆಟ್ಟರು ಮೂರು ಲೋಟ ಕುಡಿದರು. ಎದ್ದರು. ಕಿಟ್ಟ ಹಿಂದಿನಿಂದ ಒಂದು ಕೈ ಆನಿಸಿ ಹತ್ತು ಹೆಜ್ಜೆ ನಡೆಸಿ ಬಿಟ್ಟ. ನೀಲಿ ಬೋಟು ಮತ್ತೆ ನೀರಿಗಿಳಿದು ತ್ರಾಸಿಯ ಕಡೆ ಹೊರಟಿತು.

ಆಮೇಲೆ ಕಟ್ಟಕಡೆಯ ಇಬ್ಬರು ಬಂದು ಕುಡಿದು ಹೋದರು. ಕಿಟ್ಟ ಲೋಟಗಳನ್ನು ತೊಳೆದು, ಬೋರಲು ಹಾಕಿ, ಮೇಜು ಒರೆಸಿ, ತಾನೂ ಒಂದು ಲೋಟ ನೀರು ಕುಡಿದು ಹೊರಟ. ಓಡಲೇಬೇಕೆಂಬ ಕಾರಣ ಏನೂ ಉಳಿದಿರಲಿಲ್ಲ. ಆದರೂ ಓಡಿದ. ಶೆಟ್ಟರ ಬೆನ್ನು ಕಂಡಾಗ ಹೆಜ್ಜೆ ಸಣ್ಣದು ಮಾಡಿದ, ಆ ಬೆನ್ನು ಕಡೆಯ ತನಕ ನೂರು ಮಾರು ಮುಂದೆಯೇ ಇತ್ತು.

ಗೆರೆ ದಾಟಿದಾಗ ಒಂದು ಗಂಟೆ ಐವತ್ತೊಂದು ನಿಮಿಷ. ಓಟದಲ್ಲಿ ಅವನ ಹಿಂದೆ ಬಂದದ್ದು ಪೊಲೀಸರ ಜೀಪು ಒಂದೇ. ಶಾಮಿಯಾನ ಬಿಚ್ಚಲು ಶುರುವಾಗಿತ್ತು. ಶೆಟ್ಟರು ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕಾಲು ಚಾಚಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

“ಮಾವ,” ಎಂದಳು ಅನಿಷಾ ಸಣ್ಣ ದನಿಯಲ್ಲಿ, “ನಾ ಇಪ್ಪತ್ರ ಮಗ್ಗಿ ಮುಗ್ಸಿ ಮತ್ತ್ ಒಂದ್ರಿಂದ ಶುರು ಮಾಡ್ದೆ. ಹೆದ್ರಿ ಬೇಗ ಬೇಗ ಹೇಳ್ದೆ, ಆರ್ರ ತನಕ ಬಂದಿತ್ತ್.”

ವನಜ ಮಗಳನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. ಕಿಟ್ಟ ನೆಲ ನೋಡಿದ. ಗಿರಿಜಾ ಟವೆಲು ಕೊಟ್ಟಳು.

ಶ್ರೀಲತಾ ಟೀಚರು ಮೆಲ್ಲಗೆ ಶೆಟ್ಟರ ಕುರ್ಚಿಯ ಹತ್ತಿರ ಹೋದರು.

“ಟೀಚರೆ, ಮಾತ್ ಅಂದ್ರೆ ಮಾತ್,” ಎಂದರು ಶೆಟ್ಟರು, ಕಿಟ್ಟನ ಕಡೆ ನೋಡದೆ. “ಒಂದೂಕಾಲ್ ಗಂಟೆ ಅಂದಿದ್ದೆ. ಬಿಸ್ಕಿಟ್ ನಾಳೆ ಕಳ್ಸಿಕೊಡ್ತೆ.”

ಆಗ ಪುಷ್ಪಕ್ಕ ನೋವಿನ ಎಣ್ಣೆಯ ಮುಚ್ಚಳ ಹಾಕಿದರು. ಅದುವರೆಗೆ ಗಂಡನ ಕಾಲಿಗೆ ತಿಕ್ಕುತ್ತಿದ್ದವರು ಕೈ ಒರೆಸಿಕೊಂಡು ನಿಂತರು.

“ಹ್ವಾಯ್, ನೀವ್ ಮರವಂತೆಂಗೆ ಕಲ್ಲಿನ್ ಮೇಲೆ ಕೂಕಂಡ್ ಎಂತ ಹೇಳಿದ್ರಿ?”

“ಎಂತ ಹೇಳ್ದೆ?”

“ಜೀಪ್ ಕರಿನಿ ಅಂದ್ರಿ. ನೀರ್ ಕೊಡು ಹೆಣ್ಮಕ್ಳ್ ಜೀಪಂಗೆ ಬಂದ್ ಎಲ್ಲಾ ಹೇಳ್ದ್ರ್. ನೀವ್ ಕುಡ್ದ್ ಮೂರ್ ಲೋ‌ಟ ಇವ್ನ್ ಕೊಟ್ಟದ್. ನಿಮ್ ಕುತ್ಗಿ ಹಾರ ಇವ್ನ್ ಹಾಕ್ಸದ್. ಇವ್ನ್ ಓಡಿ ಹೋಯಿದ್ರೆ ನಿಮ್ ಫೋಟೋ ಆಸ್ಪತ್ರೆಂಗೆ ತೆಗೀಕಿತ್ತ್. ಎಕ್ಸ್‌ರೇ ಫೋಟೋ!”

ಸುತ್ತ ನಿಂತವರು ನಕ್ಕರು. ಬ್ರಹ್ಮಾವರದ ಮೇಷ್ಟ್ರು ತಾವೂ ಒಂದು ಮಾತು ಸೇರಿಸಿದರು. ಶೆಟ್ಟರು ಹಾರದ ಒಂದು ಹೂವನ್ನು ಕಿತ್ತು, ಮೂಸಿ, ಬಿಸಾಡಿ, ಇನ್ನೊಂದು ಕಿತ್ತರು. ಇಡೀ ಹಾರ ಖಾಲಿಯಾಗುವ ಮೊದಲು ಬಾಯಿ ಬಿಟ್ಟರು.

“ಒಂದೂಕಾಲ್ ಗಂಟೆ ಅಂದದ್ ಹೌದ್. ಆದ್ರೆ ನೀರ್ ಕೊಟ್ಟ ಹೊತ್ತ್ ಲೆಕ್ಕದಿಂದ ಕಳೀಬೇಡಿ ಅಂದೇನೂ ಹೇಳ್ಲಿಲ್ಯಲ್ಲ,” ಎಂದರು. “ಕಳೀನಿ ಟೀಚರೆ. ಕಳ್ದ್ ಕಾಣಿ, ಎಷ್ಟಾತ್ತ್ ಅಂತ.”

ಟೀಚರು ಕಳೆಯುವ ಗೋಜಿಗೆ ಹೋಗಲಿಲ್ಲ. ಶೆಟ್ಟರಿಗೂ ಲೆಕ್ಕ ಬೇಡವಾಗಿತ್ತು. ಷರತ್ತಿನ ಮರ್ಯಾದೆ ಉಳಿಯಿತು, ಅಷ್ಟು ಸಾಕು. ವನಜ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅನಿಷಾ, “ಹಂಗಾರೆ ಬಿಸ್ಕಿಟ್ ಇಲ್ಯಾ?” ಎಂದು ಕೇಳಿ, ಅದನ್ನೂ ಗಿಟ್ಟಿಸಿಕೊಂಡಳು.

ಅದಾದ ಮೇಲೆ ಕಿಟ್ಟ ಇನ್ನೂ ಐದು ವರ್ಷ ಆ ಓಟ ಓಡಿದ. ಸಮಿತಿಯವರು ಹುಷಾರಾಗಿ, ನೀರಿನ ಮೇಜು ಅವನ ಕಣ್ಣಿಗೆ ಬೀಳದಂತೆ ಬಾಳೆಗಿಡ ಕಟ್ಟಿ ಮರೆ ಮಾಡಿದರು. ಮೂರನೇ ವರ್ಷ ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಸಿದ್ದೂ ಉಂಟು. ಆದರೆ ಆ ಸಲ ಗೆರೆ ದಾಟಿ ನೇರ ಉಪ್ಪಿಟ್ಟಿನ ಪಾತ್ರೆಯ ಹಿಂದೆ ಹೋಗಿ ನಿಂತವನನ್ನು ಪದಕ ಹಾಕಲು ಹುಡುಕಬೇಕಾಯಿತು. ಎಪ್ಪತ್ತೊಂದು ಎಂಬ ನಂಬರನ್ನು ಕೊನೆಯ ತನಕ ಬೇರೆ ಯಾರಿಗೂ ಕೊಡಲಿಲ್ಲ.

ವ್ಯಾನು ಬಂದದ್ದು ಮೊದಲ ಓಟದ ವರ್ಷವೇ, ೨೦೧೧ರ ಜೂನಿನಲ್ಲಿ, ಶಾಲೆ ಶುರುವಾಗುವ ದಿನವೇ. ಬಣ್ಣ ಬಿಳಿ. ಕಿಟ್ಟ ಒಂದು ದಿನ ಮುಖ ಊದಿಸಿಕೊಂಡು ಮರೆತ. ಕ್ಯಾಂಟೀನಿನ ಎದುರೇ ನಿಲ್ಲಿಸಿ ಮಕ್ಕಳನ್ನು ಹತ್ತಿಸಿಕೊಳ್ಳುವುದೆಂದು ಮಾತಾಗಿತ್ತು. ಸಣ್ಣಗೆ ಮಳೆ. ವನಜ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎರಡು ಹೆಜ್ಜೆ ಹಿಂದೆ ಬಂದು ಸೊಂಟಕ್ಕೆ ಕೈ ಇಟ್ಟು ನೆಟ್ಟಗೆ ನಿಂತಳು. ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ಊರು ನೋಡಿ ವರ್ಷಗಳಾಗಿದ್ದವು.

ಶೆಟ್ಟರು ಕೊಡೆ ಹಿಡಿದು ಬಂದಿದ್ದರು. ದುಡ್ಡು ಹೋದ ಸಂಕಟಕ್ಕೆ ಏನಾದರೂ ಒಂದು ವಸೂಲಿ ಆಗಬೇಕಲ್ಲ. ಬೆಂಚಿನ ತುಂಬ ಜನ ಇರುವುದನ್ನು ನೋಡಿಕೊಂಡು ಗಂಟಲು ಸರಿ ಮಾಡಿದರು.

“ಎಂತಾ ಕಿಟ್ಟ, ನಿನ್ನನ್ ಹಿಂದೆ ಹಾಕಿದ್ ಮನ್ಷ ಹುಟ್ಲಿಲ್ಲೆ ಅಂತಿದ್ಯಲ್ಲ? ನೂರಾ ನಾಲ್ಕ್ ಕೆಜಿ, ಅರ್ವತ್ತೆರಡ್ ವರ್ಷ, ನಾ ನಿನ್ಗಿಂತ ಮುಂಚೆ ಗೆರೆ ದಾಟ್ದೆ! ಇಡೀ ತ್ರಾಸಿ ಕಂಡಿತ್!”

ಬೆಂಚು ಗೊಳ್ಳೆಂದಿತು. ಕಿಟ್ಟ ಚಹಾ ಹೊಯ್ಯುವುದನ್ನು ನಿಲ್ಲಿಸಲಿಲ್ಲ. ಲೋಟ ತುಂಬಿ, ನೊರೆ ಅಂಚಿಗೆ ಬಂದು ನಿಂತ ಮೇಲೆ ಅದನ್ನು ಶೆಟ್ಟರ ಕೈಗೆ ಕೊಟ್ಟು ಹೇಳಿದ:

“ಹೌದ್ ಶೆಟ್ರೆ. ಒಳ್ಗ್ ಗಿರಾಕಿ ಕೂಕಂಡಿಪ್ಪಾಗ ಎದ್ದ್ ಹೊರ್ಗ್ ಹೋಪ ಸಪ್ಲಾಯರ್‌ನ ನೀವೇ ಒಂದ್ ದಿನ ಇಟ್ಕಂತಿದ್ರ್ಯಾ?”